ಅಪ್ಪಯ್ಯನ ಬದುಕನ್ನು ಪುಸ್ತಕ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಅಪ್ಪಯ್ಯ ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಎಂಬತ್ತು ದಾಟಿತ್ತು. ಅವರು ಹುಟ್ಟಿದ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಆಮೇಲೆ ಈಗಿರುವ ಕಡೆ ಬಂದು ಅಡಿಕೆ ತೋಟ ಎಬ್ಬಿಸಿದರು. ಅಮ್ಮನಿಗೆ ಎಪ್ಪತ್ತೇಳು. ನಾವು ನಾಲ್ವರು ಮಕ್ಕಳು, ಒಂಬತ್ತು ಮೊಮ್ಮಕ್ಕಳು. ವರ್ಷಾಂತಿಕಕ್ಕೆ ಒಂದು ಚಿಕ್ಕ ಪುಸ್ತಕ ಮಾಡಿ ಬಂದವರ ಕೈಗೆ ಕೊಡಬೇಕೆಂದು ಆಸೆ. ಇನ್ನು ಐದು ತಿಂಗಳಿದೆ. ಬರೆದು ರೂಢಿ ಇರುವವರು ಮನೆಯಲ್ಲಿ ಯಾರೂ ಇಲ್ಲ. ಹಳೆಯ ಫೋಟೊಗಳಿಗೆ ಬೂಷ್ಟು ಹಿಡಿದಿದೆ, ಮದುವೆಯ ಫೋಟೊ ಗಾಜಿಗೆ ಅಂಟಿಕೊಂಡಿದೆ. ಹುಟ್ಟಿದ ದಿನ ಜಾತಕದಲ್ಲಿ ಚಿತ್ರಭಾನು ಸಂವತ್ಸರ, ಪುಷ್ಯ ಬಹುಳ ಎಂದಿದೆ. ಶಾಲೆಯ ದಾಖಲೆಯಲ್ಲಿ 1944ರ ಜೂನ್. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಅಮ್ಮನಿಂದ. ಫೋಟೊ, ಪ್ರೆಸ್ಸು, ಮುಖಪುಟ ಎಲ್ಲವೂ ಕಾಯುತ್ತವೆ. ಅಪ್ಪಯ್ಯನ ಜೊತೆ ಐವತ್ತು ವರ್ಷಕ್ಕೂ ಮೇಲೆ ಒಂದೇ ಸೂರಿನಡಿ ಬಾಳಿದವರ ನೆನಪು ಮಾತ್ರ ಇನ್ನೊಬ್ಬರ ಹತ್ತಿರ ಸಿಗುವುದಿಲ್ಲ. ನೆನಪಿನ ಪುಸ್ತಕಗಳಲ್ಲಿ ಹೆಚ್ಚಾಗಿ ಆಗುವ ತಪ್ಪು ಇಲ್ಲೇ ಇದೆ. ಗಣ್ಯರ ಸಂದೇಶ, ಮಕ್ಕಳ ಲೇಖನ, ಅಳಿಯಂದಿರ ಲೇಖನ ಎಲ್ಲ ಬಂದು, ಹೆಂಡತಿಗೆ ಕೊನೆಯಲ್ಲಿ ಅರ್ಧ ಪುಟ ಉಳಿದಿರುತ್ತದೆ. ನಿಮ್ಮ ಪುಸ್ತಕದಲ್ಲಿ ಮೊದಲ ಅಧ್ಯಾಯ, ಎಲ್ಲಕ್ಕಿಂತ ದೊಡ್ಡ ಅಧ್ಯಾಯ, ಅಮ್ಮನದ್ದಾಗಲಿ.

ಅಮ್ಮನನ್ನು ಬರೆಯಲು ಕೂರಿಸಬೇಡಿ. ಮಾತಾಡಿಸಿ, ಫೋನಿನಲ್ಲಿ ಧ್ವನಿಮುದ್ರಣ ಮಾಡಿ. ಧ್ವನಿ ಮುದ್ರಿಸುತ್ತಿದ್ದೇವೆ ಎಂದು ಮೊದಲೇ ಹೇಳಿ ಒಪ್ಪಿಗೆ ಕೇಳಿ. ಬೇಡವಾದ ಮಾತನ್ನು ಆಮೇಲೆ ತೆಗೆಯುತ್ತೇವೆ ಎಂಬ ಭರವಸೆಯನ್ನೂ ಕೊಡಿ. ಒಂದು ಸಲಕ್ಕೆ ಮೂವತ್ತು, ನಲವತ್ತು ನಿಮಿಷ ಸಾಕು. ಮಾಸಿಕದ ದಿನ, ಅದರ ಹಿಂದು ಮುಂದಿನ ದಿನ ಬೇಡ. ತಿಂಡಿ ಮುಗಿದ ಮೇಲಿನ ಹೊತ್ತು ಒಳ್ಳೆಯದು. ಹೂ ಕಟ್ಟುವುದೋ ಸೊಪ್ಪು ಸೋಸುವುದೋ, ಕೈಯಲ್ಲಿ ಏನಾದರೂ ಕೆಲಸವಿದ್ದರೆ ಮಾತು ಸರಾಗವಾಗಿ ಬರುತ್ತದೆ. ಎದುರಿಗೆ ಒಬ್ಬರೇ ಕೂರಿ. ನಾಲ್ವರು ಮಕ್ಕಳೂ ಸುತ್ತ ಕೂತರೆ ಅವರವರೇ ಮಾತಾಡಿಕೊಳ್ಳುತ್ತಾರೆ, ಅಮ್ಮ ಹೂಂಗುಟ್ಟುತ್ತಾರೆ. ಸೊಸೆಯೋ ದೊಡ್ಡ ಮೊಮ್ಮಗಳೋ ಕೇಳುವುದು ಎಷ್ಟೋ ಸಲ ಮಗಳು ಕೇಳುವುದಕ್ಕಿಂತ ವಾಸಿ. ಮಗಳಿಗೆ ಗೊತ್ತೇ ಇದೆ ಎಂದು ಬಿಟ್ಟುಬಿಡುವ ಸಂಗತಿಗಳನ್ನು ಅಮ್ಮ ಮೊಮ್ಮಗಳಿಗೆ ಬಿಡಿಸಿ ಹೇಳುತ್ತಾರೆ.

ಮಳೆಗಾಲ ಶುರುವಾಗಿದೆ, ಆದ್ದರಿಂದ ಜಾಗದ ಬಗ್ಗೆ ಒಂದು ಮಾತು. ತಗಡಿನ ಮಾಡಿನ ಕೆಳಗೆ ಧ್ವನಿಮುದ್ರಣ ಮಾಡಿದರೆ ಮಳೆಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಹಾಸಿಗೆ, ಕಂಬಳಿ ಇರುವ ಒಳಕೋಣೆ ಆರಿಸಿ. ಅವು ಪ್ರತಿಧ್ವನಿ ಹೀರಿಕೊಳ್ಳುತ್ತವೆ. ಫ್ಯಾನ್ ನಿಲ್ಲಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಅಮ್ಮನಿಂದ ಒಂದೂವರೆ ಅಡಿ ದೂರದಲ್ಲಿಡಿ. ಬರಿಯ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ದಾಖಲಾಗುತ್ತದೆ. ಶುರುವಿನಲ್ಲಿ ತಾರೀಕು, ಯಾರು ಮಾತಾಡುತ್ತಿದ್ದಾರೆ, ಎಲ್ಲಿ ಎಂದು ಹೇಳಿ. ಎರಡು ನಿಮಿಷ ಮುದ್ರಿಸಿ, ಕೇಳಿ ನೋಡಿ, ಆಮೇಲೆ ಮುಂದುವರಿಸಿ.

ಏನು ಕೇಳಬೇಕು ಎನ್ನುವುದರ ಮೇಲೆ ಇಡೀ ಪುಸ್ತಕ ನಿಂತಿದೆ. “ಅಪ್ಪಯ್ಯ ಹೇಗಿದ್ದರು?” ಎಂದು ಕೇಳಿದರೆ “ಒಳ್ಳೆಯವರು, ಯಾರಿಗೂ ಕೆಟ್ಟದ್ದು ಮಾಡಿದವರಲ್ಲ” ಎಂಬ ಉತ್ತರ ಬರುತ್ತದೆ. ಅದು ಸತ್ಯವೇ, ಆದರೆ ಆ ಮಾತನ್ನು ಯಾರ ಬಗ್ಗೆಯೂ ಹೇಳಬಹುದು. ಕೈಗೆ ಸಿಗುವಂಥದ್ದನ್ನು ಕೇಳಿ. ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತಿದ್ದರು? ಕವಳದ (ಎಲೆಯಡಿಕೆಯ) ಸಂಚಿಯಲ್ಲಿ ಏನೇನಿತ್ತು? ಎಲೆಯಲ್ಲಿ ಯಾವುದನ್ನು ಮೊದಲು ಊಟ ಮಾಡುತ್ತಿದ್ದರು, ಯಾವುದನ್ನು ಬದಿಗೆ ಸರಿಸುತ್ತಿದ್ದರು? ಸಿಟ್ಟು ಬಂದರೆ ಮಾತಾಡುತ್ತಿದ್ದರೋ, ಸುಮ್ಮನಾಗುತ್ತಿದ್ದರೋ? ನಿಮ್ಮನ್ನು ಏನೆಂದು ಕರೆಯುತ್ತಿದ್ದರು? ಮದುವೆಯಾಗಿ ಬಂದಾಗ ಈ ಮನೆ ಎಷ್ಟು ಅಂಕಣ, ಮಾಡು ಹುಲ್ಲಿನದೋ ಹೆಂಚಿನದೋ? ಮೊದಲ ಅಡಿಕೆ ಫಸಲಿನ ದುಡ್ಡಿನಲ್ಲಿ ಏನು ತಂದರು? ಹೀಗೆ ಕೇಳಿದಾಗ “ಕೊನೆಗಾರನ ಊಟ ಆಗದೆ ಅವರು ಎಲೆ ಮುಂದೆ ಕೂತವರಲ್ಲ” ಎಂಬಂಥ ಮಾತು ಹೊರಬರುತ್ತದೆ (ಕೊನೆಗಾರ ಎಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು). ಅಂಥ ಒಂದು ಸಾಲು ಇದ್ದರೆ “ಪರೋಪಕಾರಿ” ಎಂಬ ಪದವೇ ಬೇಕಾಗುವುದಿಲ್ಲ.

ಹುಟ್ಟಿ ಉಳಿಯದ ಮಕ್ಕಳಿದ್ದರೆ ಅಮ್ಮ ಅವರನ್ನೂ ಎಣಿಸುತ್ತಾರೆ. ವಂಶವೃಕ್ಷದಲ್ಲಿ ಆ ಮಕ್ಕಳಿಗೂ ಜಾಗ ಕೊಡಿ. ಹೆಸರಿಟ್ಟಿದ್ದರೆ ಹೆಸರು ಹಾಕಿ. ಹೆಣ್ಣುಮಕ್ಕಳ ಕವಲನ್ನು “ಮದುವೆ ಮಾಡಿಕೊಟ್ಟಿದೆ” ಎಂದು ಅಲ್ಲಿಗೇ ನಿಲ್ಲಿಸಬೇಡಿ. ಒಂಬತ್ತು ಮೊಮ್ಮಕ್ಕಳಿಗೂ ಅವರು ಅಜ್ಜನೇ.

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಫೋನಿನ ಧ್ವನಿ ಟೈಪಿಂಗ್ ನಮ್ಮ ಕಡೆಯ ಆಡುಮಾತಿಗೆ ಸರಿಯಾಗಿ ಒಗ್ಗುವುದಿಲ್ಲ, ಊರಿನ ಹೆಸರುಗಳನ್ನಂತೂ ಏನೇನೋ ಮಾಡುತ್ತದೆ; ಕಿವಿಗೊಟ್ಟು ಕೇಳಿ ಕೈಯಲ್ಲೇ ಬರೆಯುವುದು ಕೊನೆಗೆ ಬೇಗ ಮುಗಿಯುತ್ತದೆ. ಬರೆಯುವಾಗ ಅಮ್ಮನ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಒಂದೇ ಸಂಗತಿ ಮೂರು ಸಲ ಬಂದಿದ್ದರೆ ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಅಷ್ಟು ಮಾತ್ರ ತಿದ್ದುಪಡಿ.

ಇನ್ನು ತಾರೀಕು. ನಿಮ್ಮ ಪ್ರಶ್ನೆಯಲ್ಲಿ ನಂಬಬೇಕಾದದ್ದು ಜಾತಕವನ್ನು. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಿಂದ ತಾರೀಕು ಹಾಕುವುದು ಸಾಮಾನ್ಯವಾಗಿತ್ತು. ಜೂನ್ ತಿಂಗಳ ಜನ್ಮದಿನಗಳು ಅಷ್ಟೊಂದಿರುವುದು ಅದಕ್ಕೇ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ 1927ರ ಯುಗಾದಿಗೆ ಶುರುವಾಯಿತು, ಅಲ್ಲಿಂದ ಹದಿನಾರನೆಯದು ಚಿತ್ರಭಾನು, ಅಂದರೆ 1942ರ ಯುಗಾದಿಯಿಂದ 1943ರ ಯುಗಾದಿಯವರೆಗೆ. ಎಡವುವುದು ಇಲ್ಲಿ: ಚಿತ್ರಭಾನು ಎಂದ ಕೂಡಲೇ 1942 ಎಂದು ಬರೆದುಬಿಡುತ್ತಾರೆ. ಪುಷ್ಯ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ನಿಮ್ಮ ಅಪ್ಪಯ್ಯ ಹುಟ್ಟಿದ್ದು 1943ರ ಜನವರಿ ಕೊನೆ ಇಲ್ಲವೇ ಫೆಬ್ರವರಿ ಮೊದಲ ದಿನಗಳಲ್ಲಿ. ಜಾತಕದಲ್ಲಿ ತಿಥಿ, ವಾರ, ನಕ್ಷತ್ರ ಇದ್ದೇ ಇರುತ್ತದೆ. ಪಂಚಾಂಗ ಬಲ್ಲವರು ಒಂದೇ ದಿನಕ್ಕೆ ತಂದು ನಿಲ್ಲಿಸುತ್ತಾರೆ. ನಡುರಾತ್ರಿ ಕಳೆದು ಸೂರ್ಯೋದಯದೊಳಗೆ ಹುಟ್ಟಿದ್ದರೆ ಜಾತಕದ ವಾರ ಹಿಂದಿನ ದಿನದ್ದಾಗಿರುತ್ತದೆ, ಗಮನಿಸಿ. ಪುಸ್ತಕದಲ್ಲಿ ಜಾತಕದ ದಿನ ಹಾಕಿ, ಪಕ್ಕದಲ್ಲಿ “ಶಾಲಾ ದಾಖಲೆಯಂತೆ ಜೂನ್ 1944” ಎಂದೂ ಕೊಡಿ. ಮುಂದೆ ಯಾರಾದರೂ ದಾಖಲೆ ಹುಡುಕುವಾಗ ಗೊಂದಲವಾಗಬಾರದು.

ಉಳಿದ ಘಟನೆಗಳಿಗೆ ಅಮ್ಮನ ಹತ್ತಿರ ಇಸವಿ ಕೇಳಿ ಪ್ರಯೋಜನವಿಲ್ಲ. ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಗೂಟವಾಗಿ ನೆಟ್ಟುಕೊಂಡು “ಅದಕ್ಕಿಂತ ಮುಂಚೆಯೋ, ಆಮೇಲೋ?” ಎಂದು ಕೇಳಿ. ನಿಮ್ಮ ಸೀಮೆಗೆ ಹೊಂದುವ ಗೂಟಗಳು ಇವು: ಗೇಣಿದಾರರ ಕಾಗೋಡು ಸತ್ಯಾಗ್ರಹ 1951, ಹಳೆಯ ನಾಣ್ಯಗಳಾದ ಆಣೆ, ಪೈ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್, ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಗುರುತಿಸಿದ್ದು ಅದೇ 1957, ಚೀನಾ ಯುದ್ಧ 1962, ನೆಹರೂ ತೀರಿಕೊಂಡದ್ದೂ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದೂ 1964, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್, ತುರ್ತುಪರಿಸ್ಥಿತಿ 1975ರ ಜೂನ್, ಜನ ಬಾಗಿಲು ಹಾಕಿ ಒಳಗೆ ಕೂತ ದೊಡ್ಡ ಸೂರ್ಯಗ್ರಹಣ 1980ರ ಫೆಬ್ರವರಿ 16. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಆಗುವುದರಿಂದ ಅದೂ ಲೆಕ್ಕಕ್ಕೆ ಒದಗುತ್ತದೆ. “ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ಜಾತ್ರೆ” ಎಂದರೆ ವರ್ಷ ಸಿಕ್ಕಿತು.

ಈ ಲೆಕ್ಕವನ್ನು ಮನೆಯ ಕಾಗದಗಳೊಂದಿಗೆ ತಾಳೆ ನೋಡಿ. ಲಗ್ನಪತ್ರಿಕೆ, ಶಾಲೆಯ ಟಿ.ಸಿ., ಸೊಸೈಟಿ ಪಾಸ್‌ಬುಕ್, ಮಂಡಿಯ ಪಟ್ಟಿಗಳು, ಅಡಿಕೆ ಲೆಕ್ಕದ ಪುಸ್ತಕ, ಮುಳುಗಡೆ ಪರಿಹಾರದ ಕಾಗದ, ಹಳೆಯ ಪಹಣಿ. ಗೇಣಿ ಜಮೀನಾಗಿದ್ದರೆ ಭೂ ನ್ಯಾಯಮಂಡಳಿಗೆ ಕೊಟ್ಟ ಏಳನೇ ನಂಬರಿನ ಫಾರಂ ಇರುತ್ತದೆ. ಅದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ನಂತರದ್ದು. ಮಂಡಿ ಪಟ್ಟಿಯನ್ನು ಹಗುರವಾಗಿ ಕಾಣಬೇಡಿ. ಆ ವರ್ಷ ಅಡಿಕೆಯ ದರ್ಜೆಗಳಲ್ಲಿ ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಗೊರಬಲು ಎಷ್ಟು, ಯಾವ ದರಕ್ಕೆ ಹೋಯಿತು, ಮುಂಗಡ ಸಾಲ ಎಷ್ಟು ಮುರಿದುಕೊಂಡರು, ಎಲ್ಲ ಅದರಲ್ಲಿದೆ. ಮಗಳ ಮದುವೆಯ ವರ್ಷದ ಪಟ್ಟಿಯನ್ನೂ ಹಿಂದಿನ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಪ್ಪಯ್ಯ ಆ ವರ್ಷ ಹೊತ್ತ ಭಾರ ಎಷ್ಟೆಂದು ಕಾಣುತ್ತದೆ. ಹಾಗೆಂದು ಕಾಗದಗಳನ್ನೆಲ್ಲ ಮುದ್ರಿಸಲು ಹೋಗಬೇಡಿ. ಸರ್ವೆ ನಂಬರು, ಖಾತೆ ನಂಬರು, ಆಧಾರ್ ನಂಬರು ಕಾಣುವ ಯಾವ ಪುಟವೂ ಪುಸ್ತಕಕ್ಕೆ ಬರಬಾರದು. ಹಿಸ್ಸೆಯ ವ್ಯಾಜ್ಯವಿದ್ದರೆ ಜಮೀನು ಯಾರದ್ದೆಂದು ತೀರ್ಪು ಕೊಡುವಂಥ ವಾಕ್ಯವೂ ಬೇಡ; ನೆನಪಿನ ಪುಸ್ತಕ ಕೋರ್ಟಿನ ಸಾಕ್ಷಿಯಾಗಿ ಬಳಕೆಯಾಗುವುದು ಅಪ್ಪಯ್ಯನಿಗೆ ಮಾಡುವ ಅನ್ಯಾಯ.

ಮುಳುಗಿದ ಊರಿಗೆ ಪ್ರತ್ಯೇಕ ಅಧ್ಯಾಯ ಬೇಕೇ ಬೇಕು. 1964ರಲ್ಲಿ ಅಪ್ಪಯ್ಯನಿಗೆ ಇಪ್ಪತ್ತೊಂದು. ಎಲ್ಲ ತಿಳಿಯುವ ವಯಸ್ಸು. ಆ ಊರಿನಿಂದ ಎದ್ದು ಬಂದವರಲ್ಲಿ ಈಗ ಉಳಿದಿರುವವರನ್ನು ಪಟ್ಟಿ ಮಾಡಿ, ಹಿರಿಯರಿಂದ ಶುರುಮಾಡಿ, ಈ ತಿಂಗಳೇ ಹೋಗಿ ಮಾತಾಡಿಸಿ. ಹಿನ್ನೀರಿನಾಚೆಯ ತುಮರಿ ಕಡೆಗೆ ಈಗ ಸೇತುವೆ ಆಗಿರುವುದರಿಂದ ಲಾಂಚಿಗೆ ಕಾಯಬೇಕಾಗಿಲ್ಲ. ಅವರಿಂದ ಊರಿನ ನಕ್ಷೆ ಬಿಡಿಸಿಕೊಳ್ಳಿ: ಮನೆಗಳು ಎಲ್ಲಿದ್ದವು, ದೇವಸ್ಥಾನ, ಕೆರೆ, ಹೊಳೆ ದಾಟುವ ಜಾಗ, ಸೊಪ್ಪಿನ ಬೆಟ್ಟ. ಇಬ್ಬರು ಬೇರೆಬೇರೆಯಾಗಿ ಬಿಡಿಸಿದ ಮೇಲೆ ಎರಡನ್ನೂ ಎದುರಿಗಿಟ್ಟು ಹೊಂದಿಸಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ, ಇಂಚಿಗೊಂದು ಮೈಲಿಯ ನಕ್ಷೆಯಲ್ಲಿ ಮುಳುಗುವ ಮುಂಚಿನ ಊರುಗಳಿವೆ. ಹೋಲಿಸಿ ನೋಡಲು ಅದು ಒಳ್ಳೆಯದು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಎತ್ತರದ ಜಾಗಗಳಲ್ಲಿ ಹಳೆಯ ಊರುಗಳ ಕುರುಹು ಕಾಣುತ್ತದೆ. ಫೋಟೊ ಬೇಕಿದ್ದರೆ ಒಳಹರಿವು ಜೋರಾಗುವ ಮೊದಲು, ದಾರಿ ಗೊತ್ತಿದ್ದವರ ಜೊತೆಗೇ ಹೋಗಿ. ನೀರಿಳಿದ ಜಾಗದ ಕೆಸರು ಮೇಲೆ ಒಣಗಿದಂತೆ ಕಂಡರೂ ಕಾಲು ಒಳಗೆ ಹೂತುಹೋಗುತ್ತದೆ.

ಅಪ್ಪಯ್ಯನ ಕೆಲಸವನ್ನು ಮೊಮ್ಮಗ ಓದಿ ಮಾಡಬಲ್ಲಷ್ಟು ವಿವರವಾಗಿ ಬರೆಯಿರಿ. “ಉತ್ತಮ ಕೃಷಿಕರಾಗಿದ್ದರು” ಎಂಬ ಸಾಲಿನ ಬದಲು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿದ್ದ ದಿನವನ್ನು ತೆಗೆದುಕೊಳ್ಳಿ. ಬೋರ್ಡೋ ಮಿಶ್ರಣದ ಲೆಕ್ಕ ಎಲ್ಲರಿಗೂ ಒಂದೇ: ಒಂದು ಕಿಲೊ ಮೈಲುತುತ್ತ ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೊ ಸುಣ್ಣ ಇನ್ನೈವತ್ತು ಲೀಟರಿನಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕುವುದು, ಹೊಳೆಯುವ ಕತ್ತಿ ಅದ್ದಿ ನೋಡುವುದು, ಕೆಂಪು ಹತ್ತಿದರೆ ಸುಣ್ಣ ಸಾಲದು. ಇದರಲ್ಲಿ ನಿಮ್ಮ ಅಪ್ಪಯ್ಯನದು ಯಾವುದು? ಯಾವ ಕತ್ತಿ ಅದ್ದುತ್ತಿದ್ದರು, ಮೊದಲ ಹೊಡೆತ ಮಳೆಗೆ ಎಷ್ಟು ದಿನ ಮುಂಚೆ, ಎರಡನೆಯದಕ್ಕೆ ನಲವತ್ತು ದಿನ ಕಾಯುತ್ತಿದ್ದರೋ ಆಕಾಶ ನೋಡಿ ನಿರ್ಧರಿಸುತ್ತಿದ್ದರೋ, ತೋಟದ ಯಾವ ಮೂಲೆಯಲ್ಲಿ ಕೊಳೆ ಮೊದಲು ಕಾಣುತ್ತಿತ್ತು? ಇದನ್ನು ಹೇಳಬಲ್ಲವರು ಅವರೊಡನೆ ದುಡಿದ ಕೊನೆಗಾರರು, ಕೆಲಸದವರು. ಅವರ ಮನೆಗೆ ನೀವೇ ಹೋಗಿ. ಪುಸ್ತಕದಲ್ಲಿ ಅವರ ಪೂರ್ತಿ ಹೆಸರು ಹಾಕಿ, ಫೋಟೊ ಹಾಕಿ, ಒಂದು ಪ್ರತಿ ಕೊಡಿ. ಓದಲು ಬಾರದಿದ್ದರೆ ಆ ಪುಟಗಳನ್ನು ಓದಿ ಹೇಳಿ.

ಮೊಮ್ಮಕ್ಕಳಿಂದ “ನನ್ನ ಅಜ್ಜ” ಎಂಬ ಪ್ರಬಂಧ ಬರೆಸಬೇಡಿ, ಶಾಲೆಯ ವಾಕ್ಯಗಳೇ ಬರುತ್ತವೆ. ಒಬ್ಬೊಬ್ಬರಿಗೆ ಒಂದೇ ಪ್ರಶ್ನೆ ಸಾಕು: ಅಜ್ಜ ನಿನ್ನನ್ನು ಏನೆಂದು ಕರೆಯುತ್ತಿದ್ದರು? ಅಜ್ಜ ಕಲಿಸಿದ ಒಂದು ಕೆಲಸ ಯಾವುದು? ಚಿಕ್ಕವರು ಚಿತ್ರ ಬಿಡಿಸಲಿ.

ಕೊನೆಯ ಕಾಯಿಲೆಗೆ ಒಂದೆರಡು ಪುಟಕ್ಕಿಂತ ಹೆಚ್ಚು ಬೇಡ. ಆಸ್ಪತ್ರೆಯ ದಿನಗಳು ನಿಮಗೆ ಹತ್ತಿರದವು, ಹಾಗಾಗಿ ಬರೆಯಲು ಕೂತರೆ ಅವೇ ಮುಂದೆ ಬಂದು ನಿಲ್ಲುತ್ತವೆ. ಎಂಬತ್ತೆರಡು ವರ್ಷದಲ್ಲಿ ಅವು ಕೆಲವೇ ವಾರಗಳು. ಸಾಲ, ಜಗಳ, ದಾಯಾದಿ ಮನಸ್ತಾಪ ಇದ್ದರೆ ಅಮ್ಮ ಒಪ್ಪಿದಷ್ಟನ್ನು ನೇರವಾಗಿ, ಬೇರೆಯವರನ್ನು ಹೀಗಳೆಯದೆ ಬರೆಯಬಹುದು. ಕಷ್ಟವೇ ಇಲ್ಲದವರಂತೆ ಚಿತ್ರಿಸಿದರೆ ಅವರು ಪಟ್ಟ ಪಾಡಿಗೆ ಬೆಲೆ ಸಿಗುವುದಿಲ್ಲ.

ಫೋಟೊಗಳಿಗೆ ಬರೋಣ. ಗಾಜಿಗೆ ಅಂಟಿದ ಮದುವೆ ಫೋಟೊವನ್ನು ಎಳೆಯಬೇಡಿ, ನೀರು ಚಿಮುಕಿಸಬೇಡಿ. ಫೋಟೊದ ಮೇಲ್ಪದರ ಜೆಲಾಟಿನ್. ಮಲೆನಾಡಿನ ತೇವಕ್ಕೆ ಅದು ಉಬ್ಬಿ ಗಾಜಿಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಮುಖ ಗಾಜಿನ ಮೇಲೇ ಉಳಿಯುತ್ತದೆ. ಗಾಜಿನ ಹೊರಬದಿಯನ್ನು ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಫೋನಿನಲ್ಲೇ ತೆಗೆಯುವುದಾದರೆ ಫ್ಲ್ಯಾಶ್ ಬೇಡ. ಬೆಳಕು ಎರಡೂ ಪಕ್ಕದಿಂದ ಓರೆಯಾಗಿ ಬೀಳಲಿ, ಫೋನು ಫೋಟೊಗೆ ಸಮಾನಾಂತರವಾಗಿರಲಿ, ನಿಮ್ಮ ಪ್ರತಿಬಿಂಬ ಬೀಳದಂತೆ ಹಿಂದೆ ಕಪ್ಪು ಬಟ್ಟೆ ಹಿಡಿಸಿ. ಬೂಷ್ಟು ಹಿಡಿದವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟು ಹರಡುತ್ತದೆ, ಚಿತ್ರವೂ ಹೋಗುತ್ತದೆ. ಮೊದಲು ಒಣಗಬೇಕು, ಬಿಸಿಲಿನಲ್ಲಲ್ಲ, ಗಾಳಿಯಾಡುವ ನೆರಳಿನಲ್ಲಿ. ಈ ಮಳೆಯಲ್ಲಿ ಅದು ಕಷ್ಟ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಇಟ್ಟು, ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗುಲಿಯಲ್ಲಿ ಕೂತು ಮೆತ್ತನೆಯ ಒಣ ಬ್ರಷ್‌ನಿಂದ ಹಗುರವಾಗಿ ಸರಿಸಿ. ಲ್ಯಾಮಿನೇಶನ್ ಮಾಡಿಸಲೇಬೇಡಿ, ಆ ಬಿಸಿ, ಆ ಅಂಟು ಮತ್ತೆ ಬಿಡಿಸಲು ಬರುವುದಿಲ್ಲ.

ಸ್ಕ್ಯಾನ್ ಅಳತೆ: ಅಂಗೈಯಗಲದ ಫೋಟೊಗೆ 600 ಡಿಪಿಐ, ಪಾಸ್‌ಪೋರ್ಟ್ ಗಾತ್ರದ್ದಕ್ಕೆ 1200. ಮುದ್ರಣಕ್ಕೆ 300 ಬೇಕು, ಹಾಗಾಗಿ 600ರಲ್ಲಿ ತೆಗೆದದ್ದನ್ನು ಎರಡರಷ್ಟು ದೊಡ್ಡದು ಮಾಡಬಹುದು. ಅಣ್ಣತಮ್ಮಂದಿರು ವಾಟ್ಸಾಪಿನಲ್ಲಿ ಫೋಟೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಸಾಮಾನ್ಯವಾಗಿ ಕಳಿಸಿದರೆ ಗಾತ್ರ ಕುಗ್ಗಿ ಅಚ್ಚಿನಲ್ಲಿ ಮುಖ ಮಬ್ಬಾಗುತ್ತದೆ. ಗುಂಪಿನ ಫೋಟೊಗಳಲ್ಲಿ ಯಾರು ಯಾರೆಂದು ಅಮ್ಮನಿಂದ ಹೇಳಿಸಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ನು ಒತ್ತಿದ ಗೆರೆ ಮುಂಬದಿಯಲ್ಲಿ ಎದ್ದು ಕಾಣುತ್ತದೆ.

ಪುಸ್ತಕದ ಅಳತೆಗೆ ಡೆಮಿ ಅಷ್ಟಪತ್ರ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ ಸಾಕು. ಪ್ರೆಸ್ಸಿನವರು ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಅಚ್ಚು ಹಾಕುವುದರಿಂದ 64 ಅಥವಾ 80 ಪುಟ ಎಂದು ನಿರ್ಧರಿಸಿ. 66 ಪುಟವಾದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಮ್ಮಿನ ಖರ್ಚು ಬೀಳಬಹುದು. ಅಕ್ಷರ ಹದಿನಾಲ್ಕು ಪಾಯಿಂಟ್ ಇರಲಿ, ಓದುವವರಲ್ಲಿ ವಯಸ್ಸಾದವರೇ ಹೆಚ್ಚು. ಒಳಪುಟಕ್ಕೆ 80 ಜಿಎಸ್‌ಎಂ ಮ್ಯಾಪ್‌ಲಿಥೊ ಎಂಬ ಹೊಳಪಿಲ್ಲದ ಕಾಗದ ಒಳ್ಳೆಯದು. ಪೂರ್ತಿ ಹೊಳಪಿನ ಆರ್ಟ್ ಪೇಪರಿನಲ್ಲಿ ಮಾಡಿಸುವ ಆಸೆ ಬೇಡ. ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಫೋಟೊಗಳಿಗೆ ಮಾತ್ರ ಒಂದು ಫಾರಂ ಆರ್ಟ್ ಪೇಪರ್ ಇದ್ದರೆ ಸಾಕು. ಇನ್ನೂರು ಪ್ರತಿಯೊಳಗಾದರೆ ಡಿಜಿಟಲ್ ಮುದ್ರಣ ಅಗ್ಗ, ಐನೂರಾದರೆ ಆಫ್‌ಸೆಟ್. ನಡುವಿನ ಸಂಖ್ಯೆಗೆ ಎರಡೂ ದರ ಕೇಳಿ. ಅಂಟಿನ ಬೈಂಡಿಂಗಿಗಿಂತ ಹೊಲಿಗೆ ಹಾಕಿಸಿದ್ದು ಬಾಳಿಕೆ ಬರುತ್ತದೆ.

ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲ ನೋಡಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಿಂದ ಯೂನಿಕೋಡಿಗೆ ಬದಲಿಸಿದ್ದರೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಎಷ್ಟೋ ಸಲ ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಕೂತಿರುತ್ತದೆ. ಹೆಸರುಗಳಿಗಾಗಿಯೇ ಇನ್ನೊಮ್ಮೆ, ಬೇರೆಯಾಗಿ, ಇಡೀ ಪುಸ್ತಕ ನೋಡಿ. ಯಾರದೋ ಹೆಸರು ತಪ್ಪಿದರೆ, ಅಥವಾ ಒಬ್ಬ ಸೊಸೆಯ ಹೆಸರು ಬಿಟ್ಟುಹೋದರೆ, ಉಳಿದದ್ದೆಲ್ಲ ಚೆನ್ನಾಗಿದ್ದೂ ಆ ಮನೆಗೆ ಪುಸ್ತಕ ನೋವಾಗಿಯೇ ಉಳಿಯುತ್ತದೆ. ಅಚ್ಚಿಗೆ ಹೋಗುವ ಮುನ್ನ ಅಮ್ಮನಿಗೆ ಮೊದಲಿನಿಂದ ಕೊನೆವರೆಗೆ ಓದಿ ಹೇಳಿ. ಬೇಡವೆಂದದ್ದನ್ನು ಚರ್ಚೆಯಿಲ್ಲದೆ ತೆಗೆಯಿರಿ.

ದಿನದ ಲೆಕ್ಕ ಈಗಲೇ ಹಾಕಿಕೊಳ್ಳಿ. ವರ್ಷಾಂತಿಕ ತಿಥಿಯ ಮೇಲೆ ನಡೆಯುತ್ತದೆ, ಹಾಗಾಗಿ ತೀರಿಕೊಂಡ ತಾರೀಕಿಗೆ ಬರುವುದಿಲ್ಲ: ನಡುವೆ ಅಧಿಕಮಾಸವಿಲ್ಲದಿದ್ದರೆ ಸುಮಾರು ಹನ್ನೊಂದು ದಿನ ಮುಂಚೆ, ಇದ್ದರೆ ಸುಮಾರು ಹತ್ತೊಂಬತ್ತು ದಿನ ತಡವಾಗಿ. ಪುರೋಹಿತರನ್ನು ಕೇಳಿ ದಿನ ಗೊತ್ತು ಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಿ. ಮೊದಲ ಎರಡು ತಿಂಗಳು ಅಮ್ಮನ ಮಾತಿಗೂ ಹಿರಿಯರ ಭೇಟಿಗೂ, ಮೂರನೆಯದು ಬರವಣಿಗೆಗೆ, ನಾಲ್ಕನೆಯದು ಜೋಡಣೆಗೂ ಕರಡಿಗೂ, ಕೊನೆಯದು ಪ್ರೆಸ್ಸಿಗೆ. ಪ್ರೆಸ್ಸಿನವರಿಗೆ ನಿಜವಾದ ದಿನಕ್ಕಿಂತ ಹದಿನೈದು ದಿನ ಮುಂಚಿನ ತಾರೀಕು ಹೇಳಿ. ದಸರಾ, ದೀಪಾವಳಿ ರಜೆ ಅದರ ನಡುವೆಯೇ ಬರುತ್ತದೆ.

ಧ್ವನಿಮುದ್ರಣದ ಕಡತಗಳನ್ನು ಪುಸ್ತಕ ಮುಗಿದ ಮೇಲೆ ಅಳಿಸಬೇಡಿ. ಒಂದು ಪ್ರತಿ ಊರಿನ ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿರುವ ಮಕ್ಕಳ ಹತ್ತಿರ, ಒಂದು ಆನ್‌ಲೈನ್ ಖಾತೆಯಲ್ಲಿ ಇರಲಿ. ಕಡತದ ಹೆಸರಿನಲ್ಲೇ ತಾರೀಕು, ಮಾತಾಡಿದವರು, ವಿಷಯ ಬರೆದಿಡಿ, ವರ್ಷಕ್ಕೊಮ್ಮೆ ಮೂರೂ ಕಡೆ ತೆರೆದು ನೋಡಿ.